ಬಲಗಾಲಿನ ಬ್ರೇಕು, ಎಡಗಾಲಿನ ಬ್ರೇಕು

ನಾನು ಮಾಡಿದ ಕೆಲಸಕ್ಕೆ ಕಂಪನಿಯ ಭಾಷೆಯಲ್ಲಿ ಲೈನ್ ಪೆಟ್ರೋಲಿಂಗ್ ಎಂದು ಹೆಸರು. ಹೊಸದುರ್ಗದಲ್ಲಿದ್ದ ನಮ್ಮವ್ವ ಮಾತ್ರ ಮಗ ಆಂಧ್ರದಲ್ಲಿ ಯಾವುದೋ ಪೆಟ್ರೋಲ್ ಬಂಕಿನಲ್ಲಿದ್ದಾನೆ ಎಂದೇ ಕೊನೆಯವರೆಗೂ ತಿಳಿದುಕೊಂಡಿದ್ದಳು. ತಿದ್ದಲು ಹೋಗಿ ಸೋತು ಸುಮ್ಮನಾದೆ. ಊರಿಂದೂರಿಗೆ ಕರೆಂಟು ಹೊತ್ತು ಹೋಗುವ ದೊಡ್ಡ ಕಬ್ಬಿಣದ ಟವರುಗಳ ಸಾಲು ಇರುತ್ತದಲ್ಲ, ಅದರ ಬುಡ ಹಿಡಿದು ಹೋಗಿ, ತಂತಿ ನೆಟ್ಟಗಿದೆಯೇ, ಅದನ್ನು ಹಿಡಿದಿರುವ ಪಿಂಗಾಣಿ ಬಟ್ಟಲುಗಳ ಸರ ಒಡೆದಿದೆಯೇ, ಮರದ ಕೊಂಬೆ ಹತ್ತಿರಕ್ಕೆ ಬೆಳೆದಿದೆಯೇ, ಟವರಿನ ಕಬ್ಬಿಣವನ್ನು ಯಾರಾದರೂ ಬಿಚ್ಚಿಕೊಂಡು ಹೋದರೇ ಎಂದು ನೋಡಿ ಬರುವುದು. ಅಷ್ಟೇ ಕೆಲಸ. ಟವರು ರಸ್ತೆ ಕೇಳಿ ನಿಲ್ಲುವುದಿಲ್ಲ. ಗುಡ್ಡದ ನೆತ್ತಿಯಲ್ಲಿ ಒಂದು, ಗದ್ದೆಯ ನಡುವೆ ಇನ್ನೊಂದು. ಹಾಗಾಗಿ ನಮ್ಮ ದಾರಿಯೂ ರಸ್ತೆಯಲ್ಲ.

ಈಚೆಗೆ ಈ ಕೆಲಸಕ್ಕೆ ಸೇರಿದ ಹುಡುಗರು ಕೆಲವರು ಮನೆಗೆ ಬಂದಿದ್ದರು. ಅವರಿಗೆ ಆಕಾಶದಿಂದ ನೋಡುವ ಯಂತ್ರವಿದೆ. "ಬೈಕಲ್ಲೇ ಗುಡ್ಡ ಹತ್ತುತ್ತಿದ್ದಿರಂತೆ, ಮಜಾ ಇತ್ತಲ್ವಾ ಅಂಕಲ್?" ಎಂದರು. ಇರಲಿಲ್ಲ ಎಂದೆ. ಸೊಂಟ ನೋಯುತ್ತಿತ್ತು, ಮೊಣಕಾಲು ನೋಯುತ್ತಿತ್ತು, ಮನೆಗೆ ಬಂದರೆ ಮಾತಾಡಲು ಬಾಯಿ ಏಳುತ್ತಿರಲಿಲ್ಲ. ಅವರ ಮುಖ ಸಣ್ಣದಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆ ಆದೇಶಗಳ ಕಥೆ ಯಾರಿಗೂ ಬೇಡ. ಎರಡು ಬೈಕುಗಳ ಕಥೆ ಹೇಳುತ್ತೇನೆ.

ಎಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಗುತ್ತಿಗೆ ಕಂಪನಿಯೊಂದು ನನ್ನನ್ನು ವಿಶಾಖಪಟ್ಟಣಕ್ಕೆ ಕಳಿಸಿತು. ಹೆಂಡತಿ ಸರೋಜ, ಆಗಷ್ಟೇ ಶಾಲೆಗೆ ಸೇರಿದ್ದ ಮಗಳು, ನಾನು ಮೂವರೂ ಬಂದೆವು. ಅಲ್ಲಿಯ ನಮ್ಮ ಸಾಹೇಬರು ಧಾರವಾಡದ ಕುಲಕರ್ಣಿಯವರು. ಲೈನ್ ಹಾಕುವಾಗ ಸಲಹೆಗೆಂದು ಬಂದಿದ್ದ ಇಟಲಿಯ ಎಂಜಿನಿಯರುಗಳು ತಮ್ಮ ಸಾಮಾನಿನ ಜೊತೆ ಮೂರು ಟ್ರಯಲ್ಸ್ ಬೈಕುಗಳನ್ನು ತಂದಿದ್ದರು. ಟ್ರಯಲ್ಸ್ ಎಂದರೆ ಓಟದ ಪಂದ್ಯವಲ್ಲ. ಬಂಡೆ, ಕೊರಕಲು, ತೊರೆ ಏನೇ ಬರಲಿ, ಕಾಲನ್ನು ನೆಲಕ್ಕೆ ಊರದೆ ದಾಟುವ ಆಟ. ಆ ಆಟಕ್ಕೆಂದು ಮಾಡಿದ ಬೈಕು ಮೇಕೆಯ ಹಾಗೆ. ಹಗುರ, ಎತ್ತರ, ಎಲ್ಲಿ ಬೇಕಾದರೂ ಹತ್ತುತ್ತದೆ. ಗುಡ್ಡದ ಲೈನಿಗೆ ಇದೇ ಸರಿ ಎಂದು ಅವರಿಗೆ ಹೊಳೆದಿತ್ತು.

ಕುಲಕರ್ಣಿಯವರು ಮೊದಲ ದಿನ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದಕ್ಕ ಸೀಟ ಇಲ್ಲಲ್ಲೋ ಸಿದ್ದಪ್ಪ! ಕುಂಡ್ರೋದು ಎಲ್ಲಿ?" ಎಂದರು.

"ಕೂರೋದಕ್ಕಲ್ಲ ಸಾರ್, ನಿಂತ್ಕೊಂಡೇ ಓಡಿಸೋದಂತೆ."

"ನಿಂತs ಹೋಗೋದಾದ್ರ ನಡಕೋತ ಹೋಗಲಿಕ್ಕೆ ಏನ್ ಧಾಡಿ?"

ನನಗೆ ಕಲಿಸಿದವನ ಹೆಸರು ಪಾವ್ಲೊ. ನನ್ನ ಇಂಗ್ಲಿಷು ಅವನಿಗೆ, ಅವನ ಇಂಗ್ಲಿಷು ನನಗೆ ಅಷ್ಟಕ್ಕಷ್ಟೆ. ಋಷಿಕೊಂಡದ ಕಡಲ ದಂಡೆಯಲ್ಲಿ ಆಗ ಗಾಳಿಮರಗಳು, ಬೆಸ್ತರ ದೋಣಿಗಳು ಬಿಟ್ಟರೆ ಏನೂ ಇರಲಿಲ್ಲ. ಅಲ್ಲಿಯ ಬಂಡೆಗಳ ಮೇಲೆ ಬೈಕನ್ನು ಓಡಿಸುವುದಲ್ಲ, ನಿಲ್ಲಿಸುವುದನ್ನು ಕಲಿಸಿದ. ಎಂಜಿನ್ ಚಾಲೂ ಇರಬೇಕು, ಕಾಲು ಪೆಡಲಿನ ಮೇಲೆ ಇರಬೇಕು, ಬೈಕು ಕದಲಬಾರದು, ಬೀಳಲೂ ಬಾರದು. ಎಡಗೈಯ ಎರಡು ಬೆರಳು ಕ್ಲಚ್ಚಿನ ಮೇಲೆ, ಬಲಗಾಲು ಬ್ರೇಕಿನ ಮೇಲೆ. ಬಿದ್ದು ಬಿದ್ದು ಮಂಡಿಚಿಪ್ಪು ಕಪ್ಪಾಯಿತು. ಕೊನೆಗೆ ಒಂದು ಬೆಳಿಗ್ಗೆ ನಿಂತೆ. ಅಲೆ ಬಂದು ಹೋಯಿತು, ನಾನು ನಿಂತೇ ಇದ್ದೆ. ಪಾವ್ಲೊ ಚಪ್ಪಾಳೆ ತಟ್ಟಿದ. ನನ್ನ ಕೆಲಸದ ಜೀವನದಲ್ಲಿ ಸಿಕ್ಕಿದ ಚಪ್ಪಾಳೆ ಅದೊಂದೇ.

ಆಮೇಲೆ ಐದಾರು ವರ್ಷ ಪೆಂಡುರ್ತಿ ಕಡೆಯ ಗುಡ್ಡಗಳಲ್ಲೆಲ್ಲ ಆ ಬೈಕಿನ ಮೇಲೆ ನಿಂತೇ ಅಲೆದೆ. ಪುಟ್ಟ ಟ್ಯಾಂಕು. ಬೆನ್ನಿಗೆ ಪೆಟ್ರೋಲಿನ ಡಬ್ಬ ಕಟ್ಟಿಕೊಂಡು ಹೋಗಬೇಕು. ಬಿಸಿಲಿಗೆ ಅದರ ಆವಿ ಮೂಗಿಗೆ ಹೊಡೆದು ತಲೆ ತಿರುಗುತ್ತಿತ್ತು.

ಒಂದು ಸಲ ಪೆಂಡುರ್ತಿ ಹತ್ತಿರದ ಹಳ್ಳಿಯೊಂದರ ಬಳಿ ಟವರಿನ ಕೆಳಗಿನ ಅಡ್ಡಪಟ್ಟಿಗಳೇ ಕಾಣಲಿಲ್ಲ. ಹುಡುಕುತ್ತ ಊರೊಳಗೆ ಹೋದರೆ ಮದುವೆ ನಡೆಯುತ್ತಿದೆ. ಚಪ್ಪರದ ಕಂಬ, ತೊಲೆ ಎಲ್ಲ ನಮ್ಮದೇ. ಮೇಲೆ ಮಾವಿನ ಸೊಪ್ಪು ಕಟ್ಟಿದ್ದಾರೆ. ಹೆಣ್ಣಿನ ತಂದೆ ಓಡಿಬಂದು, ಗಾಳಿಯಲ್ಲಿ ಹುಣಸೆ ಅನ್ನದ ವಾಸನೆ ತೇಲುತ್ತಿರುವಾಗಲೇ ಕೈಹಿಡಿದು ಎಳೆದು ಎಲೆಯ ಮುಂದೆ ಕೂರಿಸಿಬಿಟ್ಟ. ಬೆಳಗಿನಿಂದ ನಿಂತಿದ್ದ ಕಾಲು, ಕೂತುಬಿಟ್ಟಿತು. ಉಂಡೆ. ಕೈ ತೊಳೆದ ಮೇಲೆ ಆತನನ್ನು ಪಕ್ಕಕ್ಕೆ ಕರೆದು, ಇದನ್ನು ಬಿಚ್ಚಿದ ಟವರು ಗಾಳಿಗೆ ಬಿದ್ದರೆ ನಿಮ್ಮೂರ ಮೇಲೇ ಬೀಳುವುದು ಎಂದೆ. ಆತ ಬೆವರಿದ. ಮರುದಿನ ಬೀಗರು ಬಿಜ್ಜರು ಎಲ್ಲ ಸೇರಿ ನಾನು ನಿಂತು ತೋರಿಸಿದ ಹಾಗೆ ಒಂದೊಂದೇ ಪಟ್ಟಿಯನ್ನು ವಾಪಸು ಬಿಗಿದರು. ಮದುಮಗನೂ ಸ್ಪ್ಯಾನರು ಹಿಡಿದ. ಕುಲಕರ್ಣಿಯವರಿಗೆ ಹೇಳಿದಾಗ, "ಕಂಪ್ಲೇಂಟ್ ಕೊಡಬೇಕಿತ್ತು. ಆದ್ರ ಉಂಡ ಮನಿ ಮ್ಯಾಲೆ ಪೊಲೀಸರನ್ನ ಹೆಂಗ ಕಳಸ್ತೀ? ಬಿಡು ಅತ್ಲಾಗ," ಎಂದರು. ಅಂಥ ಸಾಹೇಬರು ಆಮೇಲೆ ನನಗೆ ಸಿಗಲಿಲ್ಲ.

ಇಟಲಿಯವರು ಹೋದ ಮೇಲೆ ಬೈಕುಗಳು ಒಂದೊಂದಾಗಿ ಸತ್ತವು. ಅವಕ್ಕೆ ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಿ ಹಾಕಬೇಕು. ಸ್ಟೋರಿನವರು ಒಂದಕ್ಕೆ ಬರೀ ಪೆಟ್ರೋಲು ತುಂಬಿದರು. ಎಂಜಿನ್ ಅರ್ಧ ಗುಡ್ಡದಲ್ಲಿ ಕಚ್ಚಿಕೊಂಡು ನಿಂತಿತು. ಅದರ ಭಾಗಗಳನ್ನು ಬಿಚ್ಚಿ ಎರಡನೆಯದನ್ನು, ಎರಡನೆಯದನ್ನು ಬಿಚ್ಚಿ ಮೂರನೆಯದನ್ನು ನಡೆಸಿದೆವು. ಬಿಡಿಭಾಗ ಬೇಕೆಂದು ಬರೆದದ್ದಕ್ಕೆ ಬೆಂಗಳೂರಿನಿಂದ ಉತ್ತರವೇ ಬರಲಿಲ್ಲ. ಕೊನೆಗೆ ಮೂರನೆಯದರ ಚಾಸಿಯೇ ಬಿರುಕುಬಿಟ್ಟಿತು. ಅದೇ ಹೊತ್ತಿಗೆ ನನಗೆ ವಿಜಯವಾಡಕ್ಕೆ ವರ್ಗವಾಯಿತು. ಮಗಳ ಶಾಲೆ ಬಿಡಿಸುವುದು ಬೇಡವೆಂದು ಅವಳನ್ನೂ ಸರೋಜಳನ್ನೂ ವಿಶಾಖಪಟ್ಟಣದಲ್ಲೇ ಬಿಟ್ಟು ಒಬ್ಬನೇ ಹೋದೆ. ವಾರಕ್ಕೊಮ್ಮೆ ಬೂತಿನಿಂದ ಫೋನು ಮಾಡಿದರೆ ಮಗಳು, "ನಾನ್ನಾ, ಎಪ್ಪುಡು ವಸ್ತಾವು?" ಎಂದು, ಅಪ್ಪ ಯಾವಾಗ ಬರ್ತೀಯ ಎಂಬುದನ್ನು ತೆಲುಗಿನಲ್ಲೇ ಕೇಳುತ್ತಿದ್ದಳು. ಕನ್ನಡದಲ್ಲಿ ಕೇಳು ಎಂದರೆ ಒಂದು ಕ್ಷಣ ತಡವರಿಸುತ್ತಿದ್ದಳು. ಆ ತಡವರಿಕೆಗೂ ಬೂತಿನ ಮೀಟರು ಓಡುತ್ತಿತ್ತು.

ವಿಜಯವಾಡದ ಸ್ಟೋರಿನ ಹಿಂದೆ, ಬೇವಿನ ಮರದ ಕೆಳಗೆ, ನನ್ನ ಹೊಸ ಗಾಡಿ ನಿಂತಿತ್ತು. ಹೊಸದೆಂದರೆ ನನಗೆ ಹೊಸದು. ಇಂಗ್ಲೆಂಡಿನಲ್ಲಿ ತಯಾರಾಗಿ, ಸೈನ್ಯದಲ್ಲಿ ದುಡಿದು, ಹರಾಜಿನಲ್ಲಿ ಕಂಪನಿಗೆ ಬಂದದ್ದು. ನನಗಿಂತ ಒಂದೆರಡು ವರ್ಷ ಚಿಕ್ಕದಿರಬಹುದು. ಎಮ್ಮೆಯಂಥ ಮೈ, ಸ್ಪ್ರಿಂಗಿನ ಮೇಲೆ ಕೂತ ಅಗಲವಾದ ಚರ್ಮದ ಸೀಟು, ಹಿಂದಿನ ಚಕ್ರಕ್ಕೆ ಸಸ್ಪೆನ್ಷನ್ನೇ ಇಲ್ಲ. ಮುಖ್ಯ ಸಂಗತಿ ಏನೆಂದರೆ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಇಷ್ಟು ವರ್ಷ ನನ್ನ ಕಾಲುಗಳು ಕಲಿತದ್ದಕ್ಕೆ ತದ್ವಿರುದ್ಧ.

ಮರದ ಕೆಳಗೆ ಕೈಕಟ್ಟಿಕೊಂಡು ಒಬ್ಬರು ನಿಂತಿದ್ದರು. ಸಾಂಬಶಿವರಾವ್. ನಮ್ಮದೇ ಕೆಲಸದವರು, ನನಗಿಂತ ಹಿರಿಯರು. ಕಂಪನಿ ಆ ಬೈಕನ್ನು ಕೊಂಡ ದಿನದಿಂದ ಅದನ್ನು ಓಡಿಸಿದವರು ಅವರೊಬ್ಬರೇ. ಈಚೆಗೆ ಅವರ ಬಲಗೈ ನಡುಗಲು ಶುರುವಾಗಿತ್ತು. ಡಾಕ್ಟರು ಇದು ವಾಸಿಯಾಗುವ ನಡುಕವಲ್ಲ ಎಂದ ಮೇಲೆ ಅವರನ್ನು ಸ್ಟೋರಿನಲ್ಲಿ ಕೂರಿಸಿ, ಆ ಜಾಗಕ್ಕೆ ನನ್ನನ್ನು ಕರೆಸಿದ್ದರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆವತ್ತು ನಾನು ನಮಸ್ಕಾರ ಹೇಳಿ, ಕಿಕ್ ಹೊಡೆದೆ. ಎಂಜಿನ್ ಹಿಂದಕ್ಕೆ ಒದೆದ ಏಟಿಗೆ ನನ್ನ ಪಾದ ಮರಗಟ್ಟಿ, ಕುಂಟುತ್ತ ಮರ ಹಿಡಿದು ನಿಂತೆ.

"ನೀವು ಒದ್ದಿರಿ, ಅದೂ ಒದ್ದಿತು," ಎಂದರು ಸಾಂಬಶಿವರಾವ್. ಅವರು ಆಡಿದ್ದು ತೆಲುಗಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಗಲಿಲ್ಲ. ಹತ್ತಿರ ಬಂದು ಹ್ಯಾಂಡಲಿನ ಮೇಲಿದ್ದ ಒಂದು ಚಿಕ್ಕ ಲಿವರನ್ನು ಹಿಂದಕ್ಕೆ ಎಳೆದು, ಇನ್ನೊಂದನ್ನು ಒತ್ತಿ ಹಿಡಿದು, ಮೆಲ್ಲಗೆ ಕಿಕ್ ಒತ್ತಿದರು. ಒಂದೇ ಒತ್ತಿಗೆ ಅದು ಡುಬ್ ಡುಬ್ ಎಂದು ಎದ್ದಿತು. ಆಮೇಲೆ ಅದನ್ನು ಆರಿಸಿ ಒಳಗೆ ಹೋದರು.

ಹಳೆಯ ಬೈಕುಗಳ ಬಗ್ಗೆ ಈಗಿನವರು ಪ್ರೀತಿಯಿಂದ ಬರೆಯುವುದನ್ನು ಓದುತ್ತೇನೆ. ನನಗೆ ಆ ಪ್ರೀತಿ ಬರಲಿಲ್ಲ. ಇಟಲಿಯ ಬೈಕಿನಲ್ಲಿ ತಪ್ಪು ಮಾಡಿದರೆ ತಿದ್ದಿಕೊಳ್ಳಬಹುದಿತ್ತು. ಕ್ಲಚ್ಚು ಹಿಡಿದು, ಮೈ ವಾಲಿಸಿ, ಚಕ್ರ ಎತ್ತಿ ಪಕ್ಕಕ್ಕೆ ಇಡಬಹುದಿತ್ತು. ಇದರಲ್ಲಿ ಹಾಗಿಲ್ಲ. ದಾರಿಯನ್ನು ಇಪ್ಪತ್ತು ಅಡಿ ಮೊದಲೇ ಆರಿಸಿಕೊಳ್ಳಬೇಕು, ಆರಿಸಿದ ಮೇಲೆ ಅದನ್ನೇ ನಂಬಬೇಕು. ಬ್ರೇಕು ಇದ್ದೂ ಇಲ್ಲದ ಹಾಗೆ. ಆಕ್ಸಿಲರೇಟರು ಜಾಸ್ತಿ ಕೊಟ್ಟರೆ ಕಪ್ಪು ಮಣ್ಣಿನಲ್ಲಿ ಹಿಂದಿನ ಚಕ್ರ ಗುಂಡಿ ತೋಡಿಕೊಂಡು ಕೂರುತ್ತಿತ್ತು. ಕಡಿಮೆ ಕೊಟ್ಟರೆ ಮಾತ್ರ ಆ ಭಾರದ ಎಂಜಿನ್ ತನ್ನ ಪಾಡಿಗೆ ತಾನು, ಎತ್ತು ನೊಗ ಎಳೆದ ಹಾಗೆ, ಎಳೆದುಕೊಂಡು ಹೋಗುತ್ತಿತ್ತು. ಇದನ್ನು ಅರಿಯಲು ನನಗೆ ಒಂದು ಮಳೆಗಾಲ ಪೂರ್ತಿ ಬೇಕಾಯಿತು. ಗನ್ನವರಂ ಕಡೆಯ ಕಾಲುವೆಗಳ ಏರಿಗಳ ಮೇಲೆ ಬಿದ್ದು, ಎದ್ದು, ಆ ಭಾರವನ್ನು ಒಬ್ಬನೇ ಎತ್ತಲಾಗದೆ ಯಾರಾದರೂ ಬರಲೆಂದು ಪಕ್ಕದಲ್ಲಿ ಕೂತು ಕಾದ ಹೊತ್ತೇ ಬಹಳ.

ಸಾಂಬಶಿವರಾಯರ ಮನೆ ನನ್ನ ಕೋಣೆಯ ಹಿಂದಿನ ಬೀದಿಯಲ್ಲಿತ್ತು. ಒಂದು ಭಾನುವಾರ ಅವರ ಹೆಂಡತಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, "ತಮ್ಮಾ, ನೀನು ಕನ್ನಡದವನೇನು?" ಎಂದು ಕೇಳಿದಾಗ ಬೆಚ್ಚಿದೆ. ಲಲಿತಮ್ಮನವರ ತವರು ಬಳ್ಳಾರಿ. ಮದುವೆಯಾಗಿ ಬಂದ ಮೇಲೆ ಕನ್ನಡಕ್ಕೆ ಬಾಯಿಯೇ ಇರಲಿಲ್ಲವಂತೆ. ಗಂಡನಿಗೆ ಅರ್ಥವಾಗುತ್ತಿತ್ತು, ಆಡಲು ಬರುತ್ತಿರಲಿಲ್ಲ. ಅಂದಿನಿಂದ ವಾರಕ್ಕೆ ಒಂದೆರಡು ಊಟ ಅವರ ಮನೆಯಲ್ಲೇ. ಗೋಂಗೂರ ಪಚ್ಚಡಿ ಬಡಿಸುತ್ತ, "ಇದಕ್ಕ ನಮ್ಮ ಕಡೆ ಪುಂಡಿಪಲ್ಲೆ ಅಂತಿದ್ವಿ ನೋಡು," ಎಂದು ಒಂದೊಂದೇ ಪದವನ್ನು ಹುಡುಕಿ ತೆಗೆಯುತ್ತಿದ್ದರು. ರಾಯರು ಪಕ್ಕದಲ್ಲಿ ತಲೆ ತಗ್ಗಿಸಿ ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡು ಉಣ್ಣುತ್ತಿದ್ದರು.

ಒಂದು ದಿನ ಅವರು ಕೈ ತೊಳೆಯಲು ಎದ್ದಾಗ ಲಲಿತಮ್ಮ ದನಿ ತಗ್ಗಿಸಿದರು. "ಅವರು ಗಾಡಿ ಕೇಳ್ತಾರೆ. ಒಂದೇ ರೌಂಡು ಅಂತಾರೆ. ಕೊಡಬ್ಯಾಡ. ಹೋದ ವರ್ಷ ಬಿದ್ದು ಗದ್ದೆಯಾಗ ಗಾಡಿ ಕೆಳಗೇ ಇದ್ರು, ಸಂಜೆಮಟ ಯಾರೂ ನೋಡಿಲ್ಲ. ನಂಗ ಮಾತು ಕೊಡು."

ಕೊಟ್ಟೆ. ಆಮೇಲೆ ರಾಯರು ಗಾಡಿ ಕೇಳಿದ್ದು ಎರಡು ಸಲ. ಎರಡು ಸಲವೂ ಏನಾದರೂ ನೆಪ ಹೇಳಿದೆ. ಮೂರನೇ ಸಲ ಅವರು ಕೇಳಲಿಲ್ಲ. ಬೈಕಿನ ಹತ್ತಿರ ಬರುವುದನ್ನೂ ಬಿಟ್ಟರು.

ಹೀಗಿರುವಾಗ ತುಫಾನು ಬಂತು. ಕರಾವಳಿಯಲ್ಲಿ ಕೆಲಸ ಮಾಡಿದವರಿಗೆ ಅದನ್ನು ವರ್ಣಿಸಬೇಕಿಲ್ಲ. ತೆಂಗು, ಬಾಳೆ, ಕಂಬ, ಹೆಂಚು ಎಲ್ಲ ಒಂದೇ ದಿಕ್ಕಿಗೆ ತಲೆ ಹಾಕಿ ಮಲಗಿದ್ದವು. ಲೈನ್ ಆಫ್ ಆಗಿತ್ತು. ನೀರು ಸ್ವಲ್ಪ ಇಳಿದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಭಾಗ ಹಂಚಿ, ನೋಡಿ ಬನ್ನಿ ಎಂದರು. ಗನ್ನವರಂ ಆಚೆಯ ಗದ್ದೆಗಳ ಪಾಲು ನನ್ನದು. ವಿಜಯವಾಡದ ಆಗಿನ ಅಧಿಕಾರಿ ತೀರಾ ಅವಸರದ ಮನುಷ್ಯ. ಮೇಲಿನಿಂದ ಒತ್ತಡವೂ ಇತ್ತೆನ್ನಿ. "ಮಧ್ಯಾಹ್ನದೊಳಗೆ ತೊಂದರೆ ಇದೆ ಅಂತ ಯಾರೂ ತಿಳಿಸದಿದ್ದರೆ ಲೈನ್ ಚಾರ್ಜ್ ಮಾಡಿಸುತ್ತೇನೆ," ಎಂದುಬಿಟ್ಟರು. ಹುಡುಗರೇ, ಇಂಥ ಆದೇಶ ಕಿವಿಗೆ ಬಿದ್ದರೆ ಅಲ್ಲೇ ನಿಂತು ಜಗಳವಾಡಿ. ಎಲ್ಲ ಸರಿಯಿದೆ ಎಂದು ನೋಡಿ ಬಂದವನು ಹೇಳಿದ ಮೇಲೆ ಕರೆಂಟು ಬಿಡಬೇಕೇ ಹೊರತು, ಯಾರೂ ಏನೂ ಹೇಳಲಿಲ್ಲವೆಂದು ಬಿಡುವುದಲ್ಲ. ನಾವು ಆವತ್ತು ಜಗಳವಾಡಲಿಲ್ಲ. ತುಂಬ ದಣಿದಿದ್ದೆವು.

ಏರಿಗಳು ಎಲ್ಲೆಲ್ಲಿ ಒಡೆದಿವೆಯೋ ನನಗೆ ಗೊತ್ತಿರಲಿಲ್ಲ. ದಾರಿ ತೋರಿಸಲು ಸಾಂಬಶಿವರಾಯರನ್ನು ಹಿಂದೆ ಕೂರಿಸಿಕೊಂಡೆ. ಹಿಂದೆ ಕೂರಿಸುವುದಿಲ್ಲವೆಂದು ನಾನು ಲಲಿತಮ್ಮನವರಿಗೆ ಮಾತು ಕೊಟ್ಟಿರಲಿಲ್ಲ. ರಾಯರು ದಾರಿಯುದ್ದಕ್ಕೂ "ಎಡಕ್ಕೆ", "ಆ ತಾಳೆಮರ ಹಿಡಿದು ಹೋಗಿ" ಎನ್ನುವುದು ಬಿಟ್ಟು ಬೇರೆ ಮಾತಾಡಲಿಲ್ಲ.

ಒಂದು ಟವರಿನ ಪಿಂಗಾಣಿ ಸರವೇ ಕಳಚಿ ಬಿದ್ದಿತ್ತು. ಅದು ಹಿಡಿದಿದ್ದ ತಂತಿ ಜೋಲಿಯ ಹಾಗೆ ಜಗ್ಗಿ, ನೀರು ತುಂಬಿದ ಗದ್ದೆಯ ಮೇಲೆ ಮನುಷ್ಯರ ಎದೆಯ ಎತ್ತರದಲ್ಲಿ ನೇತಾಡುತ್ತಿತ್ತು. ಅದರ ಮೇಲೆ ಸೀರೆಗಳು ಒಣಗುತ್ತಿದ್ದವು. ನೆನೆದ ಮನೆಗಳಿಂದ ತಂದ ಸೀರೆ, ಕೌದಿ, ಮಕ್ಕಳ ಅಂಗಿ, ಉದ್ದಕ್ಕೂ ಸಾಲಾಗಿ ಹರವಿದ್ದರು. ಕೆಳಗೆ ಮೊಣಕಾಲು ನೀರಿನಲ್ಲಿ ಹತ್ತಾರು ಜನ ಬಲೆ ಹಿಡಿದು, ಕೆರೆ ಒಡೆದು ಬಂದ ಮೀನು ಹಿಡಿಯುತ್ತಿದ್ದರು.

ಕೂಗಿದೆವು. ಬಟ್ಟೆ ಹರವುತ್ತಿದ್ದ ಮುದುಕಿಯೊಬ್ಬಳು ತಿರುಗಿ ಕೂಡ ನೋಡದೆ, "ಕರೆಂಟೇ ಲೇದು ಕದಾ ಬಾಬೂ!" ಎಂದಳು. ಗಾಳಿ ಬಂದ ದಿನದಿಂದ ಯಾರ ಮನೆಯಲ್ಲೂ ದೀಪವಿಲ್ಲ. ಈ ತಂತಿಗೆ ಮಾತ್ರ ಎಲ್ಲಿಂದ ಬಂದೀತು ಎಂಬುದು ಅವಳ ತರ್ಕ. ತಪ್ಪೇನಿಲ್ಲ.

ಫೋನು ಇದ್ದದ್ದು ಏರಿಯ ಆ ತುದಿಗೆ, ರೈಲ್ವೆ ಗೇಟಿನಲ್ಲಿ. ಗೇಟಿನವನು ಸ್ಟೇಷನ್ ಮಾಸ್ತರರಿಗೆ ಹೇಳಿದರೆ ಅವರು ಸಬ್‌ಸ್ಟೇಷನ್ನಿಗೆ ತಿಳಿಸಬಹುದು. ನಡೆದು ಹೋಗುವಷ್ಟು ಹೊತ್ತು ನಮಗಿರಲಿಲ್ಲ. ಆದರೆ ನಡುವೆ ಏರಿ ಒಡೆದು ಗಂಡಿ ಬಿದ್ದಿತ್ತು. ಜಾರುವ ಇಳಿಜಾರು, ಕೆಳಗೆ ಹರಿಯುವ ನೀರು, ಮತ್ತೆ ಏರು.

"ನೀವು ಇಲ್ಲೇ ಇದ್ದು ಜನರನ್ನ ದೂರ ಕಳಿಸಿ ರಾವ್‌ಗಾರು. ನಾನು ಹೋಗಿ ಬರ್ತೀನಿ," ಎಂದೆ.

ಅವರು ಗಂಡಿಯನ್ನು ನೋಡಿದರು. "ನೀವು ಅದರಲ್ಲಿ ಬೀಳ್ತೀರಿ. ಗಾಡಿ ಇಲ್ಲಿ ಕೊಡಿ."

"ಬೇಡ."

"ಯಾಕೆ ಬೇಡ? ಇದು ನೆಪ ಹೇಳೋ ಹೊತ್ತಾ?"

ನೆಪ ಹೇಳುವ ಹೊತ್ತಾಗಿರಲಿಲ್ಲ. "ಅಕ್ಕನಿಗೆ ಮಾತು ಕೊಟ್ಟಿದ್ದೀನಿ," ಎಂದೆ.

ಅವರ ಮುಖ ಕಪ್ಪಿಟ್ಟಿತು. "ಓಹೋ. ನನ್ನ ಮನೇಲಿ ಕೂತು, ನನ್ನ ವಿಷಯ, ನನಗೆ ಆಡೋಕೆ ಬಾರದ ಭಾಷೇಲಿ ಮಾತಾಡಿಕೊಂಡಿದ್ದೀರಾ?" ಎಂದರು. ಅಷ್ಟು ಹೇಳಿ ಗದ್ದೆಗೆ ಇಳಿದು ಜನರ ಕಡೆ ನಡೆದರು.

ನಾನು ಗಾಡಿ ಇಳಿಸಿದೆ. ಮೊದಲಿನ ಹತ್ತು ಅಡಿ ಸರಿಯಾಗಿಯೇ ಇಳಿಯಿತು. ಆಮೇಲೆ ಮುಂದಿನ ಚಕ್ರ ಜಾರಿತು, ಹೆದರಿದೆ. ಹೆದರಿದಾಗ ಕಾಲಿಗೆ ತಾನು ಮೊದಲು ಕಲಿತದ್ದೇ ನೆನಪಾಗುವುದು. ಋಷಿಕೊಂಡದ ಬಂಡೆಯ ಮೇಲೆ ಕಲಿತ ಬಲಗಾಲು ಬ್ರೇಕು ಎಂದು ಬಲವಾಗಿ ತುಳಿಯಿತು. ಅದು ಗೇರು. ಗಾಡಿ ಒಂದು ಗೇರು ಮೇಲಕ್ಕೆ ಹೋಗಿ, ಎಂಜಿನ್ನಿನ ಹಿಡಿತ ತಪ್ಪಿ, ಕಟ್ಟು ಬಿಚ್ಚಿದ ಎಮ್ಮೆಯ ಹಾಗೆ ಇಳಿಜಾರಿನಲ್ಲಿ ಓಡಿತು. ಎಡಗಾಲು ಗೇರು ಹುಡುಕುತ್ತ ಬ್ರೇಕನ್ನು ತುಳಿಯಿತು. ಹಿಂದಿನ ಚಕ್ರ ಕಚ್ಚಿಕೊಂಡು ಅಡ್ಡ ತಿರುಗಿತು. ನಾನು ಎಡಭುಜದ ಮೇಲೆ ಬಿದ್ದೆ. ಕೊರಳಿನ ಕೆಳಗಿನ ಎಲುಬು ಮುರಿದ ಸದ್ದು ನನಗೇ ಕೇಳಿಸಿತು, ಒಣ ತೊಗರಿಕಡ್ಡಿ ಮುರಿದಂತೆ.

ರಾಯರು ನೀರು ಚಿಮ್ಮಿಸುತ್ತ ಓಡಿ ಬಂದರು. ಬಲೆ ಹಿಡಿದಿದ್ದ ಗಂಡಸರು ನಾಲ್ಕೈದು ಮಂದಿಯೂ ಬಂದು ಗಾಡಿಯನ್ನು ಎತ್ತಿ ಆಚೆಯ ಏರಿಗೆ ಹತ್ತಿಸಿದರು. ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊಗೆ ನೀರು ಹೋಗಿತ್ತು. ರಾಯರು ಅದರ ಮುಚ್ಚಳ ತೆಗೆದು, ಅಂಗಿಯೊಳಗಿನ ಬನಿಯನ್ ಬಿಚ್ಚಿ, ಅದರ ಒಣ ಭಾಗದಿಂದ ಒರೆಸಿದರು. ಬಾಯಿಂದ ಊದಿದರು. ಮತ್ತೆ ಒರೆಸಿದರು. ನಾನು ಗಂಡಿಯ ಈಚೆ ಏರಿಯ ಮೇಲೆ ಕೂತು ನೋಡುತ್ತಿದ್ದೆ. ಮುಚ್ಚಳ ಬಿಗಿದು ಎದ್ದು ನಿಂತು ನನ್ನ ಕಡೆ ತಿರುಗಿದರು. ಗಾಡಿ ಅವರ ಕೈಯಲ್ಲೇ ಇತ್ತು. ತೆಗೆದುಕೊಂಡು ಹೋಗಿದ್ದರೆ ತಡೆಯುವ ಶಕ್ತಿ ನನಗಿರಲಿಲ್ಲ. ಆದರೂ ಅವರು ಕಾದರು.

"ಹೋಗಿ ರಾವ್‌ಗಾರು," ಎಂದೆ.

ಒಂದೇ ಒತ್ತಿಗೆ ಎದ್ದಿತು. ಹೊರಟರು.

ನನಗೆ ಏರಿಯ ತಿರುವಿನವರೆಗೆ ಮಾತ್ರ ಕಾಣುತ್ತಿತ್ತು. ಅಲ್ಲಿಂದಾಚೆಗೆ ಬರೀ ಸದ್ದು. ಆ ಸದ್ದನ್ನು ಕೇಳಿದ ಹಾಗೆ ನನ್ನ ಜನ್ಮದಲ್ಲಿ ಇನ್ನೇನನ್ನೂ ಕೇಳಿಲ್ಲ. ಏರಲೂ ಇಲ್ಲ, ಇಳಿಯಲೂ ಇಲ್ಲ, ಒಂದೇ ಸಮ. ಒಮ್ಮೆ ಅದು ನಿಂತಂತಾಯಿತು. ಬಿದ್ದರು ಎಂದುಕೊಂಡೆ. ಗಾಳಿ ದಿಕ್ಕು ಬದಲಿಸಿತ್ತು ಅಷ್ಟೇ, ಮತ್ತೆ ಕೇಳಿಸಿತು, ಸಣ್ಣಗಾಯಿತು, ಹೋಯಿತು.

ಸೂರ್ಯ ನೆತ್ತಿಗೆ ಬಂದಿದ್ದ. ನಾನು ತಂತಿಯನ್ನೇ ನೋಡುತ್ತ ಕೂತೆ. ಚಾರ್ಜ್ ಆದರೆ ಗುಂಯ್ ಎಂದು ಶುರುವಾಗುವುದೂ ಎಲ್ಲ ಮುಗಿಯುವುದೂ ಒಟ್ಟಿಗೇ. ಕೂಗಲು ಹೋದರೆ ಎಲುಬು ಚುಚ್ಚುತ್ತಿತ್ತು. ಬಲಗೈ ಎತ್ತಿ ಬೇಡುವವನ ಹಾಗೆ ಸನ್ನೆ ಮಾಡಿದೆ. ನನ್ನ ಮುಖದಲ್ಲಿ ಏನು ಕಂಡಿತೋ, ಆ ಮುದುಕಿ ಬಂದು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಹಿಂತಿರುಗಿ ಒಂದೊಂದೇ ಸೀರೆಯನ್ನು ತೆಗೆದು ಹೆಗಲಿಗೆ ಹಾಕಿಕೊಳ್ಳತೊಡಗಿದಳು. ಉಳಿದ ಹೆಂಗಸರೂ ತೆಗೆದರು. ಮೀನಿನವರು ಮಾತ್ರ ಕದಲಲಿಲ್ಲ. ಹೊಟ್ಟೆಗೆ ಇನ್ನೇನಿತ್ತು ಅವರಿಗೆ?

ಡುಬ್ ಡುಬ್ ಮತ್ತೆ ಕೇಳಿಸಿದಾಗ ನಾನು ಅತ್ತೆನೆಂದು ಕಾಣುತ್ತದೆ. ರಾಯರು ಗಂಡಿಯ ಆಚೆ ಗಾಡಿ ನಿಲ್ಲಿಸಿ, ನಡೆದು ಬಂದು ಪಕ್ಕದಲ್ಲಿ ಕೂತರು. ಈಗ ಅವರ ಬಲಗೈ ತೊಡೆಯ ಮೇಲೆ ನಡುಗುತ್ತಿತ್ತು.

"ಗೇಟಿನವನು ಟೀ ಕೊಟ್ಟ," ಎಂದರು. "ಒಳ್ಳೆ ಟೀ."

"ಲೈನು?"

"ಚಾರ್ಜ್ ಮಾಡಲ್ಲ. ಬೆಳಿಗ್ಗೇನೇ ಮುಂದಕ್ಕೆ ಹಾಕಿದ್ದಾರಂತೆ. ಆ ಕಡೆ ಎಲ್ಲೋ ಟವರೇ ಬಿದ್ದಿದೆಯಂತೆ. ನಮಗೆ ಹೇಳಿ ಕಳಿಸೋಕೆ ಯಾರೂ ಇರಲಿಲ್ಲವಂತೆ."

 ನಗು ಬಂತು, ನಕ್ಕರೆ ಎಲುಬು ನೋಯುತ್ತಿತ್ತು. ಬೆಳಗಿನಿಂದ ಯಾರಿಗೂ ಅಪಾಯವಿರಲಿಲ್ಲ. ಹುಡುಗರೇ, ಈ ಕೆಲಸದ ಹೆಚ್ಚಿನ ದಿನಗಳು ಹೀಗೇ. ನೀವು ಜೀವ ಬಿಟ್ಟು ಓಡಿದ್ದು ಬೇಕಿರಲಿಲ್ಲ ಎಂದು ಸಂಜೆಗೆ ತಿಳಿಯುತ್ತದೆ. ಆದರೆ ಓಡದೆ ಇರಲು ಬರುವುದಿಲ್ಲ.

ಆಮೇಲಿನದು ಕಚೇರಿಯ ಕಥೆ. ಓಡಿಸಬಾರದವರು ಯಾಕೆ ಓಡಿಸಿದರು ಎಂದು ವಿಚಾರಣೆಯಾಯಿತು. ಚಾರ್ಜ್ ಮಾಡುವ ಆದೇಶದ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಕೊನೆಗೆ ತಪ್ಪೆಲ್ಲ ಬೈಕಿನದೆಂದು ತೀರ್ಮಾನವಾಗಿ, ಅದನ್ನು ನಿರುಪಯೋಗಿ ಎಂದು ಬರೆದು ಗುಜರಿಗೆ ಹಾಕಿದರು. ಹೈದರಾಬಾದಿನಿಂದ ಹಳೆಯ ಬೈಕುಗಳ ಹುಚ್ಚಿನ ಒಬ್ಬರು ಬಂದು ಕೊಂಡುಹೋದರು. ಅದನ್ನು ಲಾರಿಗೆ ಹತ್ತಿಸುವ ದಿನ ಸಾಂಬಶಿವರಾಯರು ರಜೆ ಹಾಕಿದ್ದರು. ನಮಗೆ ಜೀಪು ಬಂತು. ಜೀಪು ಹೋಗುವಲ್ಲಿಗೆ ಹೋಗಿ, ಉಳಿದದ್ದನ್ನು ನಡೆಯುತ್ತಿದ್ದೆವು. ಎಲುಬು ಸೊಟ್ಟಗೆ ಕೂಡಿಕೊಂಡಿತು. ಮತ್ತೆ ಯಾವ ಬೈಕನ್ನೂ ನಾನು ಹತ್ತಲಿಲ್ಲ, ಆಸೆಯೂ ಆಗಲಿಲ್ಲ.

ಆ ದಿನದ ಸಂಜೆಯ ಮಾತೊಂದು ಉಳಿದಿದೆ. ಗನ್ನವರಂ ಆಸ್ಪತ್ರೆಯಲ್ಲಿ ಕಟ್ಟು ಹಾಕಿಸಿಕೊಂಡು, ಲಾರಿಯೊಂದರಲ್ಲಿ ವಿಜಯವಾಡಕ್ಕೆ ಬರುತ್ತಿರುವಾಗ ರಾಯರು ಕೇಳಿದರು, "ಮನೇಲಿ ಏನು ಹೇಳ್ತೀರಿ?"

"ನೀವೇ ಹೇಳಿ."

"ಗೇಟಿಗೆ ಹೋಗಿ ಬಂದಿದ್ದು ನೀವೇ. ಬಿದ್ದದ್ದು ವಾಪಸು ಬರುವಾಗ. ನಾನು ಗದ್ದೇಲೇ ಇದ್ದೆ. ಸರಿಯಾ?"

ಸರಿ ಎಂದೆ. ಮನೆಗೆ ಹೋದ ಮೇಲೆ ಹಾಗೆಯೇ ಹೇಳಿದೆ, ಕನ್ನಡದಲ್ಲಿ. ಲಲಿತಮ್ಮ ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿದರು. ನನ್ನ ಕೊರಳಿನ ಕಟ್ಟನ್ನು ನೋಡಿದರು. ಆಮೇಲೆ ಗಂಡನನ್ನು ನೋಡಿದರು. ಬನಿಯನ್ ಇಲ್ಲದ ಎದೆ, ಗುಂಡಿ ತಪ್ಪಿ ಹಾಕಿದ ಅಂಗಿ, ಅಂಗೈಯಲ್ಲೆಲ್ಲ ಮಸಿ. ಅವರು ತಲೆ ಎತ್ತಲಿಲ್ಲ. ಲಲಿತಮ್ಮ ಒಳಗೆ ಹೋಗಿ ಎರಡು ತಟ್ಟೆ ತಂದಿಟ್ಟು ಅನ್ನ ಬಡಿಸಿದರು. ನನ್ನ ಪಾಲಿನದನ್ನು ಒಂದೇ ಕೈಯಲ್ಲಿ ಉಣ್ಣಲು ಅನುವಾಗುವಂತೆ ಅವರೇ ಕಲೆಸಿದರು. ಗಂಡನ ಎದುರು ನೀರಿನ ಲೋಟ ಇಡುತ್ತ, ಅವರೊಡನೆ ಎಂದೂ ಆಡದ ಕನ್ನಡದಲ್ಲಿ, ಬಹಳ ಮೆಲ್ಲಗೆ ಕೇಳಿದರು:

"ನಡುಗಿತೇನು?"

ರಾಯರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು.

"ಇಲ್ಲ," ಎಂದರು, ಅವರೂ ಕನ್ನಡದಲ್ಲೇ.

"ಉಣ್ರಿ," ಎಂದರು ಲಲಿತಮ್ಮ.